ಕುಂಡದ ಒಂದೆಲಗ ಸಾಯುತ್ತಿಲ್ಲ, ಬೆಳೆಯುತ್ತಲೂ ಇಲ್ಲ

ಪ್ರಶ್ನೆ: ತಾರಸಿಯ ಕುಂಡದಲ್ಲಿ ಒಂದೆಲಗ ಹಾಕಿ ಆರು ತಿಂಗಳಾಯಿತು. ಗಿಡ ಸಾಯುತ್ತಿಲ್ಲ, ಆದರೆ ಬೆಳೆಯುತ್ತಲೂ ಇಲ್ಲ. ಎಲೆ ಹೆಬ್ಬೆರಳ ಉಗುರಿನಷ್ಟೇ ಇದೆ, ದಪ್ಪ, ಅಂಚು ಕೆಂಪು. ಬಳ್ಳಿಗಳು ಕುಂಡದಿಂದ ಹೊರಗೆ ಇಳಿಬಿದ್ದಿವೆ. ಮನೆಯ ಹಿಂದೆ ಚರಂಡಿಯ ಪಕ್ಕ ತಾನಾಗಿ ಬೆಳೆದದ್ದು ಮಾತ್ರ ದೊಡ್ಡ ದೊಡ್ಡ ಎಲೆ ಬಿಟ್ಟಿದೆ. ಅದನ್ನೇ ಕಿತ್ತು ತೊಳೆದು ತಿನ್ನಬಹುದಾ? ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ದಿನಾ ಕೊಟ್ಟರೆ ನೆನಪಿನ ಶಕ್ತಿ ಹೆಚ್ಚುತ್ತದಾ? ಅತ್ತೆಯವರಿಗೆ ಕಾಲು ಊತ ಇದೆ, ಅವರಿಗೂ ಒಳ್ಳೆಯದು ಅನ್ನುತ್ತಾರೆ. ಎಷ್ಟು, ಹೇಗೆ ತಗೊಳ್ಳಬೇಕು?

ಉತ್ತರ: ಮೊದಲು ಚರಂಡಿಯ ವಿಷಯ ಮುಗಿಸೋಣ. ಅದನ್ನು ತಿನ್ನಬೇಡಿ. ಎಷ್ಟು ತೊಳೆದರೂ ಬೇಡ.

ಒಂದೆಲಗ ಬಲು ಗಟ್ಟಿ ಜೀವ. ನೀರಿನ ಪಸೆ ಸಿಕ್ಕರೆ ಗದ್ದೆ ಬದು, ಕೆರೆ ಅಂಚು, ಬಚ್ಚಲ ನೀರು ಹರಿಯುವ ಜಾಗ, ಎಲ್ಲಿ ಬೇಕಾದರೂ ಹಬ್ಬುತ್ತದೆ. ವರ್ಷಾನುಗಟ್ಟಲೆ ಬದುಕುತ್ತದೆ. ಅದು ಎಲ್ಲಾದರೂ ಬೆಳೆಯುತ್ತದೆ ಅಂದಮಾತ್ರಕ್ಕೆ ಎಲ್ಲಿಂದ ಬೇಕಾದರೂ ಕೀಳಬಹುದು ಅಂತಲ್ಲ. ಎಲೆ ಹಸಿರಾಗಿ, ಅಗಲವಾಗಿ ಇದೆ ಅಂದರೆ ಅಲ್ಲಿ ನೀರು, ನೆರಳು, ಸಾರಜನಕ ಚೆನ್ನಾಗಿ ಸಿಕ್ಕಿದೆ ಅಂತ ಅಷ್ಟೇ. ಆ ಸಾರಜನಕ ಎಲ್ಲಿಂದ ಬಂತು ಅಂತ ಯೋಚಿಸಿ ನೋಡಿ.

ತೊಂದರೆ ಎರಡು ಬಗೆಯದು. ಒಂದು, ಮಣ್ಣು ಮತ್ತು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ಈ ಗಿಡ ಬೇರಿನಿಂದ ಹೀರಿಕೊಳ್ಳುತ್ತದೆ. ಅವು ಎಲೆಯ ಮೇಲೆ ಅಂಟಿಕೊಂಡ ಕೊಳೆಯಲ್ಲ, ಎಲೆಯ ಒಳಗೇ ಇರುತ್ತವೆ. ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ವಾಹನ ಜಾಸ್ತಿ ಓಡುವ ರಸ್ತೆಯ ಪಕ್ಕ, ಕಾರ್ಖಾನೆ ನೀರು ಹರಿಯುವ ಕಾಲುವೆ, ಹಳೆ ಬಣ್ಣ ಉದುರುವ ಗೋಡೆಯ ಬುಡ, ಇಲ್ಲಿಯ ಎಲೆಗೂ ಇದೇ ಮಾತು. ಎರಡು, ರೋಗಾಣು ಮತ್ತು ಹುಳುಗಳು. ಚರಂಡಿ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ, ಜಂತುಹುಳುವಿನ ಮೊಟ್ಟೆ ಎಲ್ಲ ಇರುತ್ತವೆ. ದನ, ಕುರಿ ಮೇಯುವ ಜೌಗು ಜಾಗದಲ್ಲಿ ಇನ್ನೊಂದು ಅಪಾಯ, ಪಿತ್ತಜನಕಾಂಗದ ಚಪ್ಪಟೆ ಹುಳು. ಅದು ನೀರಿನ ಬಸವನಹುಳುವಿನ ಒಳಗೆ ಸ್ವಲ್ಪ ಕಾಲ ಬೆಳೆದು, ಆಮೇಲೆ ಹೊರಬಂದು ನೀರಿನ ಸಸ್ಯಗಳ ಎಲೆ, ಕಾಂಡಕ್ಕೆ ಅಂಟಿಕೊಂಡು ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಹಸಿ ಸೊಪ್ಪು ತಿಂದವರ ಹೊಟ್ಟೆ ಸೇರಿ ಅಲ್ಲಿಂದ ಯಕೃತ್ತಿಗೆ ಹೋಗುತ್ತದೆ. ಉಪ್ಪುನೀರು, ವಿನೆಗರ್‌ನಲ್ಲಿ ನೆನೆಸಿದರೆ ಸಾಕು ಅನ್ನುವವರಿದ್ದಾರೆ. ಅದನ್ನು ನಂಬಬೇಡಿ, ಆ ಕವಚ ಅಷ್ಟಕ್ಕೆಲ್ಲ ಬಗ್ಗುವುದಿಲ್ಲ. ಬೇಯಿಸಿದರೆ ಹುಳು ಸಾಯುತ್ತದೆ, ನಿಜ. ಆದರೆ ಒಂದೆಲಗವನ್ನು ನಾವು ತಿನ್ನುವುದೇ ಬಹುಪಾಲು ಹಸಿಯಾಗಿ, ಅಲ್ವಾ?

ಅದಕ್ಕೇ ಕುಂಡದಲ್ಲಿ ಬೆಳೆಸುವ ನಿಮ್ಮ ಯೋಚನೆ ಒಳ್ಳೆಯದು. ನಿಮಗೆ ಗೊತ್ತಿರುವ ಮಣ್ಣು, ನೀವೇ ಕುಡಿಯುವ ನೀರು. ಅದನ್ನೇ ಸರಿಮಾಡಿಕೊಳ್ಳೋಣ.

ಅದಕ್ಕೂ ಮುಂಚೆ ಒಂದು ಅನುಮಾನ ಪರಿಹಾರ ಮಾಡಿಕೊಳ್ಳಿ. ಕುಂಡದಲ್ಲಿರುವುದು, ಚರಂಡಿ ಪಕ್ಕ ಇರುವುದು ಎರಡೂ ಒಂದೇ ಗಿಡವಾ? ಒಂದೆಲಗದ ಎಲೆ ಮೂತ್ರಪಿಂಡದ ಆಕಾರ, ಅಂಚು ಸಣ್ಣ ಸಣ್ಣ ಅಲೆಯಂತೆ ಕೊರೆದಿರುತ್ತದೆ. ತೊಟ್ಟು ಬಂದು ಸೇರುವ ಕಡೆ ಎಲೆ ಸೀಳಿರುತ್ತದೆ. ನೆಲದ ಮೇಲೆ ಹರಿಯುವ ತೆಳ್ಳನೆ ಬಳ್ಳಿ, ಹಲವು ಸಲ ಕೆಂಪು ಛಾಯೆ ಇರುವುದು. ಪ್ರತಿ ಗೆಣ್ಣಿನಲ್ಲೂ ಬೇರು ಬಿಟ್ಟು, ಅಲ್ಲಿಂದ ಎಲೆಗಳು ಗುಂಪಾಗಿ ಏಳುತ್ತವೆ. ಹೂ ಗುಲಾಬಿ ಬಣ್ಣದ್ದು, ತೀರಾ ಸಣ್ಣದು, ಎಲೆಗಳ ಅಡಿಯಲ್ಲಿ ಅವಿತಿರುತ್ತದೆ. ಅದಕ್ಕೇ ಅನೇಕರು ಒಂದೆಲಗದ ಹೂವನ್ನು ನೋಡಿಯೇ ಇರುವುದಿಲ್ಲ. ಎಲೆ ಪೂರ್ತಿ ದುಂಡಗಿದ್ದು, ಕೊಡೆಗೆ ಕೋಲು ಸಿಕ್ಕಿಸಿದ ಹಾಗೆ ತೊಟ್ಟು ಎಲೆಯ ನಡುವಿಗೇ ಸೇರಿದ್ದರೆ ಅದು ಬೇರೆ ಗಿಡ. ಕಾಂಡ ಚೌಕವಾಗಿದ್ದು, ಎಲೆ ತಿಕ್ಕಿದರೆ ಪುದೀನದಂಥ ವಾಸನೆ ಬಂದರೆ ಅದೂ ಬೇರೆ. ಹಳದಿ ಹೂ ಬಿಟ್ಟರೆ ಖಂಡಿತ ಅಲ್ಲ.

ಒಂದೆಲಗವನ್ನು ಬ್ರಾಹ್ಮಿ ಅಂತಲೂ ಕರೆಯುತ್ತಾರೆ, ಆ ಹೆಸರು ಕೂಡ ಗೊಂದಲ ಮಾಡುತ್ತದೆ. ನೀರುಬ್ರಾಹ್ಮಿ ಅಂತ ಇನ್ನೊಂದು ಗಿಡವಿದೆ. ಅದರ ಎಲೆ ಚಿಕ್ಕದು, ದಪ್ಪ, ಚಮಚದ ಆಕಾರ, ಕಾಂಡದ ಎರಡೂ ಕಡೆ ಜೋಡಿಯಾಗಿ ಬರುತ್ತದೆ. ಒಂದೆಲಗ ಕೊತ್ತಂಬರಿ, ಕ್ಯಾರೆಟ್‌ನ ಕುಟುಂಬದ್ದು. ನೀರುಬ್ರಾಹ್ಮಿಗೂ ಅದಕ್ಕೂ ಯಾವ ನಂಟೂ ಇಲ್ಲ, ಒಳಗಿನ ಔಷಧಿ ಅಂಶವೂ ಬೇರೆ. ಇದರ ಬಗ್ಗೆ ಓದಿದ್ದನ್ನು ಅದಕ್ಕೆ ಅನ್ವಯಿಸಬೇಡಿ. ಪುಡಿ, ಮಾತ್ರೆ ಕೊಳ್ಳುವಾಗಂತೂ ಸಸ್ಯಶಾಸ್ತ್ರದ ಹೆಸರು ನೋಡಿ. ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ, ನೀರುಬ್ರಾಹ್ಮಿ ಬಕೋಪಾ ಮೊನ್ನಿಯೇರಿ.

ಈಗ ಕುಂಡಕ್ಕೆ ಬರೋಣ. ನೀವು ಹೇಳಿದ ಲಕ್ಷಣಗಳಲ್ಲೇ ಉತ್ತರ ಇದೆ. ಎಲೆ ಸಣ್ಣ, ದಪ್ಪ, ಅಂಚು ಕೆಂಪು ಅಂದರೆ ಬಿಸಿಲು ಜಾಸ್ತಿಯಾಗಿದೆ, ನೀರು ಸಾಲುತ್ತಿಲ್ಲ. ಬಳ್ಳಿ ಹೊರಗೆ ನೇತಾಡುತ್ತಿದೆ ಅಂದರೆ ಕುಂಡದ ಬಾಯಿ ಸಣ್ಣದು. ಇದು ಬರೀ ನೋಟದ ಪ್ರಶ್ನೆಯಲ್ಲ. ಈ ಗಿಡ ಬೆಳೆಯುವ ಕ್ರಮವೇ ಹಾಗೆ. ತಾಯಿಗಿಡದಿಂದ ಬಳ್ಳಿ ಹೊರಡುತ್ತದೆ. ಪ್ರತಿ ಗೆಣ್ಣೂ ಮಣ್ಣು ಮುಟ್ಟಿದ ಕೂಡಲೇ ಬೇರು ಬಿಟ್ಟು ಸ್ವತಂತ್ರ ಗಿಡವಾಗುತ್ತದೆ. ಮಣ್ಣು ಸಿಗದಿದ್ದರೆ ಆ ಗೆಣ್ಣು ತಾಯಿಗಿಡದ ಊಟದಲ್ಲೇ ಪಾಲು ಕೇಳುತ್ತದೆ. ಗಾಳಿಯಲ್ಲಿ ನೇತಾಡುವ ಗೆಣ್ಣು ಹತ್ತಿದ್ದರೆ ಹತ್ತಕ್ಕೂ ಒಂದೇ ಬುಡದ ಬೇರು ನೀರು ಎಳೆಯಬೇಕು. ತೂಗುಕುಂಡದಲ್ಲಿ ಒಂದೆಲಗ ನೋಡಲು ಚೆಂದ, ತಿನ್ನಲು ಎಲೆ ಸಿಗುವುದಿಲ್ಲ.

ಹಾಗಾಗಿ ಆಳದ ಕುಂಡ ಬಿಟ್ಟು ಅಗಲದ ತೊಟ್ಟಿ ಹಿಡಿಯಿರಿ. ಬೇರು ಆಳಕ್ಕೆ ಹೋಗುವುದಿಲ್ಲ, 15ರಿಂದ 20 ಸೆಂಟಿಮೀಟರ್ ಮಣ್ಣು ಸಾಕು. ಅಗಲ ಮಾತ್ರ ಎಷ್ಟಿದ್ದರೂ ಒಳ್ಳೆಯದು. ಹಳೆಯ ಪ್ಲಾಸ್ಟಿಕ್ ಟಬ್ಬು, ತರಕಾರಿ ಕ್ರೇಟು ಆಗುತ್ತದೆ. ಬಣ್ಣದ ಡಬ್ಬ, ರಾಸಾಯನಿಕ ತುಂಬಿದ್ದ ಡ್ರಮ್ಮು ಬೇಡ. ತಳದಲ್ಲಿ ತೂತು ಇರಲೇಬೇಕು. ಒಂದೆಲಗಕ್ಕೆ ಒದ್ದೆ ಮಣ್ಣು ಇಷ್ಟ, ಆದರೆ ಹಳಸಿ ನಾರುವ ನೀರು ಇಷ್ಟವಿಲ್ಲ. ಕೆರೆಯಂಚಿನಲ್ಲಿ ಬೆಳೆಯುತ್ತದಲ್ಲ ಅಂತ ತೂತಿಲ್ಲದ ಬಕೆಟ್ಟಿನಲ್ಲಿ ಹಾಕಿ ಬೇರು ಕೊಳೆಸಿಕೊಳ್ಳುವವರು ಬಹಳ ಜನ.

ಮಣ್ಣಿನ ಲೆಕ್ಕ ಸರಳ. ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಅರ್ಧ ಪಾಲು ತೆಂಗಿನನಾರಿನ ಪುಡಿ. ಮಣ್ಣು ಜಿಗುಟಾಗಿದ್ದರೆ ಒಂದಿಷ್ಟು ಮರಳು. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ಹಸಿ ಸಗಣಿ, ಅರ್ಧ ಕೊಳೆತ ಗೊಬ್ಬರ ಹಾಕಬೇಡಿ. ಬೇರೆ ಗಿಡಕ್ಕೆ ನಡೆಯುತ್ತದೇನೋ. ಇದರ ಎಲೆ ಮಣ್ಣಿಗೆ ಅಂಟಿಕೊಂಡೇ ಇರುತ್ತದೆ, ನೀವು ಹಸಿಯಾಗಿ ತಿನ್ನುತ್ತೀರಿ. ಚರಂಡಿಯನ್ನು ಬಿಟ್ಟುಬಂದು ಅದೇ ರೋಗಾಣುವನ್ನು ಕುಂಡಕ್ಕೆ ತಂದ ಹಾಗಾಗುತ್ತದೆ.

ಬೀಜದ ತಂಟೆಗೆ ಹೋಗಬೇಡಿ, ನಿಧಾನ, ಮೊಳೆಯುವುದೂ ಕಡಿಮೆ. ಈಗಿರುವ ಬಳ್ಳಿಯನ್ನೇ ಎರಡು ಮೂರು ಗೆಣ್ಣು ಇರುವ ತುಂಡುಗಳಾಗಿ ಕತ್ತರಿಸಿ. ಬೇರು ಕಾಣಿಸಿಕೊಂಡ ತುಂಡು ಆರಿಸಿದರೆ ಬೇಗ ಹಿಡಿಯುತ್ತದೆ. ಗೆಣ್ಣು ಮಣ್ಣಿಗೆ ತಾಗುವಂತೆ ಅಡ್ಡವಾಗಿ ಇಟ್ಟು, ಮೇಲೆ ತೆಳ್ಳಗೆ ಮಣ್ಣು ಎಳೆಯಿರಿ. ಎಲೆ ಏಳುವ ಕುಡಿ ಮುಚ್ಚಿಹೋಗಬಾರದು. ತುಂಡಿನಿಂದ ತುಂಡಿಗೆ ಒಂದು ಗೇಣು ಅಂತರ ಇರಲಿ. ಬಳ್ಳಿ ಎದ್ದೇಳುತ್ತಿದ್ದರೆ ತಂತಿಯನ್ನು ಕೊಕ್ಕೆಯಂತೆ ಬಗ್ಗಿಸಿ ಮಣ್ಣಿಗೆ ಚುಚ್ಚಿ ಹಿಡಿಸಿ. ಮೊದಲ ಹತ್ತು ದಿನ ಪೂರ್ತಿ ನೆರಳು. ಹಳೆಯ ಎಲೆ ಬಾಡಿದರೆ ಗಾಬರಿ ಬೇಡ, ಹೊಸ ಎಲೆ ಬಂತಾ ಅಂತ ಮಾತ್ರ ನೋಡಿ. ಚರಂಡಿ ಪಕ್ಕದ ದೊಡ್ಡೆಲೆಯ ಬಳ್ಳಿ ಬೇಕು ಅನ್ನಿಸಬಹುದು. ಎಲೆಯ ಗಾತ್ರಕ್ಕೆ ಜಾಗವೇ ಕಾರಣ, ನಿಮ್ಮ ಕುಂಡದ್ದೂ ಸರಿಯಾದ ನೆರಳಿನಲ್ಲಿ ದೊಡ್ಡದಾಗುತ್ತದೆ. ಹಾಗಾಗಿ ಅದನ್ನು ಬಿಟ್ಟುಬಿಡಿ.

ಬೆಳಗಿನ ಮೂರು ನಾಲ್ಕು ಗಂಟೆ ಬಿಸಿಲು, ಆಮೇಲೆ ನೆರಳು. ಇದು ಇದಕ್ಕೆ ಹೇಳಿ ಮಾಡಿಸಿದ ಜಾಗ. ತಾರಸಿಯಲ್ಲಿ ಅಂಥ ಮೂಲೆ ಇಲ್ಲದಿದ್ದರೆ ಅರ್ಧ ಬೆಳಕು ತಡೆಯುವ ನೆರಳುಬಲೆ ಕಟ್ಟಿ, ಅಥವಾ ದೊಡ್ಡ ಗಿಡದ ಬುಡಕ್ಕೆ ತೊಟ್ಟಿ ಸರಿಸಿ. ಪೂರ್ತಿ ಕತ್ತಲೆಯೂ ಬೇಡ. ಹಾಗಾದರೆ ತೊಟ್ಟು ಮಾತ್ರ ಉದ್ದ ಬೆಳೆದು ಎಲೆ ತೆಳ್ಳಗಾಗುತ್ತದೆ. ತಾರಸಿಯಲ್ಲಿ ಇನ್ನೊಂದು ಕಾಟ ನೆಲದ ಕಾವು. ಮೇಲೆ ನೆರಳಿದ್ದರೂ ಕೆಳಗಿನಿಂದ ಬೇರು ಬೇಯುತ್ತದೆ. ತೊಟ್ಟಿಯ ಕೆಳಗೆ ಎರಡು ಸಾಲು ಇಟ್ಟಿಗೆ ಇಡಿ, ಗಾಳಿ ಆಡಲಿ. ಈ ಒಂದು ಕೆಲಸದಿಂದಲೇ ಬೇಸಿಗೆಯಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ.

ನೀರು ಬೆರಳಿಟ್ಟು ನೋಡಿ ಹಾಕಿ. ಮೇಲ್ಮಣ್ಣು ಒಣಗಲು ಬಿಡಬಾರದು, ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಬೇಕಾಗಬಹುದು. ಎರಡು ದಿನ ಊರಿಗೆ ಹೋಗುವುದಿದ್ದರೆ ತೊಟ್ಟಿಯ ಕೆಳಗೆ ತಟ್ಟೆಯಲ್ಲಿ ಒಂದಿಷ್ಟು ನೀರು ನಿಲ್ಲಿಸಬಹುದು. ಅದನ್ನೇ ಅಭ್ಯಾಸ ಮಾಡಿಕೊಂಡರೆ ಸೊಳ್ಳೆ ಸಾಕಿದ ಹಾಗೆ. ಮರೆತು ಪೂರ್ತಿ ಒಣಗಿಸಿಬಿಟ್ಟರೂ ಕಿತ್ತೆಸೆಯಬೇಡಿ. ಎಲೆಯೆಲ್ಲ ಸುಟ್ಟಂತೆ ಕಂಡರೂ ಗೆಣ್ಣಿನಲ್ಲಿ ಜೀವ ಉಳಿದಿರುತ್ತದೆ. ನೀರು ಕೊಟ್ಟು ನೆರಳಿಗಿಟ್ಟು ಕಾಯಿರಿ. ಹಿಮ ಬೀಳುವ ಕಡೆ ಇರುವವರು ಚಳಿಗಾಲಕ್ಕೆ ತೊಟ್ಟಿಯನ್ನು ಒಳಗೆ ತರಬೇಕು, ಹಿಮ ಇದಕ್ಕೆ ಆಗುವುದಿಲ್ಲ.

ಎಲೆ ಹಳದಿಯಾದರೆ ಯಾವ ಎಲೆ ಅಂತ ನೋಡಿ. ಹಳೆಯ ಎಲೆಗಳು ಒಟ್ಟಾಗಿ ಮಂಕಾದರೆ ಗೊಬ್ಬರ ಸಾಲದು, ಒಂದು ಹಿಡಿ ಎರೆಗೊಬ್ಬರ ಉದುರಿಸಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಗಡಸು ನೀರು ಹಾಕಿ ಹಾಕಿ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದ ಕಡೆ ಹೀಗಾಗುತ್ತದೆ. ಮಳೆನೀರು ಹಿಡಿದು ಹಾಕಿ, ಮೇಲ್ಮಣ್ಣು ಬದಲಿಸಿ. ನೀರು, ಗೊಬ್ಬರ ಎಲ್ಲ ಇದ್ದೂ ಗಿಡ ಸೊರಗಿದರೆ ಒಂದು ಬುಡ ಕಿತ್ತು ಬೇರು ನೋಡಿ. ಬೇರಿನಲ್ಲಿ ಗಂಟುಗಂಟು ಕಂಡರೆ ಅದು ಮಣ್ಣಿನಲ್ಲಿರುವ, ಬೇರಿಗೆ ಹತ್ತುವ ಜಂತುಹುಳುವಿನ (ನೆಮಟೋಡ್) ಬಾಧೆ, ಹೊಟ್ಟೆಯ ಜಂತುಹುಳುವಲ್ಲ. ಔಷಧಿ ಹೊಡೆಯುತ್ತಾ ಕೂರಬೇಡಿ. ಆ ಮಣ್ಣು ಎಸೆದು, ಗಂಟಿಲ್ಲದ ಬಳ್ಳಿಯ ತುದಿಯಿಂದ ಹೊಸದಾಗಿ ಶುರು ಮಾಡಿ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ. ಹಸಿ ತಿನ್ನುವ ಸೊಪ್ಪಿಗೆ ಯಾವ ಕೀಟನಾಶಕವೂ ಬೇಡ.

ನೆಟ್ಟು ಎರಡೂವರೆ ಮೂರು ತಿಂಗಳಿಗೆ ತೊಟ್ಟಿ ಮುಚ್ಚಿಕೊಳ್ಳುತ್ತದೆ. ಆಗ ಕೊಯ್ಲು. ಬಳ್ಳಿಯನ್ನು ಎಳೆಯಬೇಡಿ. ಎಲೆಯನ್ನು ತೊಟ್ಟಿನ ಸಮೇತ ಕತ್ತರಿಯಿಂದ ಕತ್ತರಿಸಿ, ಬುಡ ಮುಟ್ಟಬೇಡಿ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯದಿದ್ದರೆ ಅದು ಮತ್ತೆ ಮತ್ತೆ ತುಂಬಿಕೊಳ್ಳುತ್ತದೆ. ವರ್ಷ ಕಳೆಯುವಷ್ಟರಲ್ಲಿ ನಡುಭಾಗ ಬೋಳಾಗಿ ಎಲೆಯೆಲ್ಲ ಅಂಚಿಗೆ ಸರಿದಿರುತ್ತದೆ. ಆಗ ಅಂಚಿನ ಹೊಸ ಗೆಣ್ಣುಗಳನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ. ನೆಲದಲ್ಲಿ ನೆಡುವ ಆಸೆಯಿದ್ದರೆ ಸುತ್ತ ಕಲ್ಲು ಹೂಳಿ ನೆಡಿ, ಇಲ್ಲದಿದ್ದರೆ ಹುಲ್ಲುಹಾಸನ್ನೆಲ್ಲ ಅದೇ ಆಳುತ್ತದೆ.

ಕುಂಡದ ಎಲೆಯಾದರೂ ಹರಿಯುವ ನೀರಿನಲ್ಲಿ ಒಂದೊಂದಾಗಿ ತೊಳೆಯಿರಿ. ತೊಟ್ಟಿನ ಬುಡದಲ್ಲಿ ಮಣ್ಣು ಸಿಕ್ಕಿಕೊಂಡಿರುತ್ತದೆ. ಒಣಗಿಸಿಡುವುದಾದರೆ ನೆರಳಿನಲ್ಲಿ, ತೆಳ್ಳಗೆ ಹರಡಿ, ಹಿಡಿದರೆ ಪುಡಿಯಾಗುವವರೆಗೆ. ತಾಜಾ ಸಿಗುವಾಗ ಒಣಗಿಸುವ ಗೋಜು ಯಾಕೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮಗಳ ಪರೀಕ್ಷೆ. ನಿರಾಸೆ ಮಾಡುತ್ತಿದ್ದೇನೆ ಅನ್ನಿಸಬಹುದು, ಆದರೆ ಇರುವುದನ್ನೇ ಹೇಳಬೇಕು. ಒಂದೆಲಗ ಕೊಟ್ಟು ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಒಂದು ವಿಶ್ಲೇಷಣೆ ಬಂತು. ನೆನಪಿನ ಶಕ್ತಿ ಹೆಚ್ಚಿತು ಅನ್ನಲು ಗಟ್ಟಿ ಆಧಾರ ಅದರಲ್ಲಿ ಸಿಗಲಿಲ್ಲ. ಸ್ವಲ್ಪ ಚುರುಕು, ಸ್ವಲ್ಪ ಸಮಾಧಾನ, ಇಷ್ಟರ ಸೂಚನೆ ಮಾತ್ರ ಇತ್ತು. ಮನಸ್ಸನ್ನು ಶಾಂತ ಮಾಡುತ್ತದೆ ಅನ್ನುವ ಮಾತಿಗೆ 2000ದಲ್ಲಿ ಬಂದ ಇನ್ನೊಂದು ಪ್ರಯೋಗದ ಆಧಾರವಿದೆ. ಅದರಲ್ಲಿ ಒಂದೆಲಗ ತಗೊಂಡ ಆರೋಗ್ಯವಂತರು ದಿಢೀರ್ ಸದ್ದಿಗೆ ಬೆಚ್ಚಿಬೀಳುವುದು ಕಡಿಮೆಯಾಯಿತು. ಆದರೆ ಅವರಿಗೆ ಕೊಟ್ಟದ್ದು ಒಂದೇ ಸಲಕ್ಕೆ 12 ಗ್ರಾಂ. ಅಷ್ಟು ಒಣ ಪುಡಿಗೆ ಎಷ್ಟು ಹಸಿ ಎಲೆ ಬೇಕು ಅಂತ ನೀವೇ ಊಹಿಸಿ. ಮಗಳಿಗೆ ಇಷ್ಟವಿದ್ದರೆ ವಾರಕ್ಕೆ ಎರಡು ಮೂರು ದಿನ ಸೊಪ್ಪಿನಂತೆ ಕೊಡಿ. ಅಂಕಕ್ಕಾಗಿ ದಿನಾ ಒತ್ತಾಯ ಮಾಡಿ ಕುಡಿಸುವುದು ಬೇಡ. ರಾತ್ರಿ ಒಂದು ಗಂಟೆ ಹೆಚ್ಚು ಮಲಗಿದರೆ ಅದಕ್ಕಿಂತ ಜಾಸ್ತಿ ಉಪಯೋಗ.

ಅತ್ತೆಯವರ ಕಾಲು ಊತಕ್ಕೆ ಮೊದಲು ಕಾರಣ ಗೊತ್ತಾಗಬೇಕು. ಹೃದಯ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್, ರಕ್ತದೊತ್ತಡದ ಕೆಲವು ಮಾತ್ರೆಗಳು, ಇವೆಲ್ಲವೂ ಕಾಲು ಊದಿಸುತ್ತವೆ. ಒಂದೇ ಕಾಲು ತಟ್ಟನೆ ಊದಿಕೊಂಡು ನೋವಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಅಭಿಧಮನಿಗಳು ಸಡಿಲವಾಗಿ ಸಂಜೆ ಹೊತ್ತಿಗೆ ಕಾಲು ಭಾರವಾಗುವ ತೊಂದರೆಯಲ್ಲಿ ಒಂದೆಲಗದ ಸಾರಕ್ಕೆ ತಕ್ಕಮಟ್ಟಿಗೆ ಆಧಾರವಿದೆ. ಆದರೆ ಅದು ಅಂಶಗಳನ್ನು ಬೇರ್ಪಡಿಸಿ ಅಳೆದ ಸಾರ, ಎಲೆಯಲ್ಲ. ಗಾಯ ಮಾಯಿಸುವ ಮಾತೂ ಹೀಗೆಯೇ. ಎಲೆಯಲ್ಲಿರುವ ಏಷಿಯಾಟಿಕೊಸೈಡ್‌ನಂಥ ಅಂಶಗಳು ಚರ್ಮದ ಕೊಲಾಜೆನ್ ತಯಾರಿಕೆಯನ್ನು ಹೆಚ್ಚಿಸುತ್ತವೆ. ಅವುಗಳಿಂದ ಮುಲಾಮು ಮಾಡಿ ದಶಕಗಳಿಂದ ಬಳಸುತ್ತಿದ್ದಾರೆ. ಹಾಗಂತ ತೆರೆದ ಗಾಯಕ್ಕೆ ಹಸಿ ಎಲೆ ಅರೆದು ಮೆತ್ತಬೇಡಿ. ಮಣ್ಣಿನಲ್ಲಿ ಧನುರ್ವಾಯು ತರುವ ರೋಗಾಣು ಇರುತ್ತದೆ. ಮುಲಾಮು ಹಚ್ಚುವವರಲ್ಲೂ ಕೆಲವರಿಗೆ ತುರಿಕೆ, ಕೆಂಪು ಗುಳ್ಳೆ ಬರುವುದುಂಟು, ಮೊದಲು ಒಂದು ಮೂಲೆಗೆ ಹಚ್ಚಿ ನೋಡಬೇಕು.

ಪ್ರಮಾಣ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ ಔಷಧಿ ಸಸ್ಯಗಳ ಬಗ್ಗೆ 1999ರಲ್ಲಿ ಹೊರತಂದ ಸಂಪುಟದಲ್ಲಿ ಒಂದೆಲಗವೂ ಇದೆ. ಅದರ ಪ್ರಕಾರ ಒಣ ಎಲೆ 0.33ರಿಂದ 0.68 ಗ್ರಾಂ, ದಿನಕ್ಕೆ ಮೂರು ಸಲ. ಅಂದರೆ ದಿನಕ್ಕೆ ಹೆಚ್ಚೆಂದರೆ ಎರಡು ಗ್ರಾಂ. ತಾಜಾ ಎಲೆಯಲ್ಲಿ ಬಹುಪಾಲು ನೀರೇ ಇರುವುದರಿಂದ ಒಂದು ಸಣ್ಣ ಹಿಡಿ ಎಲೆ ಅಂದುಕೊಳ್ಳಿ. ಹಸಿಯಾಗಿ ಹೆಚ್ಚಿ ತಿನ್ನಬಹುದು, ಅರೆದು ಮಜ್ಜಿಗೆಗೆ ಬೆರೆಸಬಹುದು. ಸ್ವಲ್ಪ ಕಹಿ ಇರುತ್ತದೆ, ಎಳೆ ಎಲೆಯಲ್ಲಿ ಕಡಿಮೆ. ಔಷಧಿಯಂತೆ ದಿನಾ ತಗೊಳ್ಳುವವರು ಆರು ವಾರ ಆದಮೇಲೆ ಎರಡು ವಾರ ಬಿಡುವುದು ರೂಢಿಯಲ್ಲಿರುವ ಎಚ್ಚರಿಕೆ.

ಆ ಎಚ್ಚರಿಕೆಗೆ ಕಾರಣವಿದೆ. ಅರ್ಜೆಂಟೀನಾದಲ್ಲಿ ಮೂವರು ಮಹಿಳೆಯರಿಗೆ ಒಂದೆಲಗದ ಮಾತ್ರೆ ತಗೊಂಡು 20ರಿಂದ 60 ದಿನಗಳಲ್ಲಿ ಕಾಮಾಲೆ ಬಂದದ್ದು 2005ರಲ್ಲಿ ವರದಿಯಾಯಿತು. ಮಾತ್ರೆ ನಿಲ್ಲಿಸಿದಾಗ ಗುಣವಾದರು. ಒಬ್ಬರಿಗೆ ಮತ್ತೆ ಶುರು ಮಾಡಿದಾಗ ತೊಂದರೆ ಮರುಕಳಿಸಿತು. ಇದು ಅಪರೂಪ, ಸೊಪ್ಪಿನಂತೆ ತಿನ್ನುವವರು ಹೆದರಬೇಕಾಗಿಲ್ಲ. ಆದರೆ ಯಕೃತ್ತಿನ ಕಾಯಿಲೆ ಇರುವವರು, ಗರ್ಭಿಣಿಯರು, ನಿದ್ದೆ ಮಾತ್ರೆ ಅಥವಾ ಆತಂಕಕ್ಕೆ ಮಾತ್ರೆ ತಗೊಳ್ಳುವವರು ಪುಡಿ, ಮಾತ್ರೆ, ಸಾರದ ಹತ್ತಿರ ಹೋಗಬಾರದು. ಅತ್ತೆಯವರು ಈಗ ಯಾವ ಮಾತ್ರೆ ನುಂಗುತ್ತಿದ್ದಾರೆ ಅಂತ ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ, ಒಂದೆಲಗ ಕೊಡುವ ಯೋಚನೆಯನ್ನೂ ಅಲ್ಲೇ ಹೇಳಿ. ಕೊಡಲು ಶುರು ಮಾಡಿದ ಮೇಲೆ ಮೂತ್ರ ಗಾಢ ಹಳದಿಯಾದರೆ, ಕಣ್ಣು ಹಳದಿಯಾದರೆ, ಮೈಯೆಲ್ಲ ತುರಿಕೆ, ಹಸಿವಿಲ್ಲ ಅಂದರೆ ಅವತ್ತೇ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿ. ಸೊಪ್ಪು ತಾನೇ ಅಂತ ಬಿಟ್ಟುಬಿಡದೆ ಅದನ್ನೂ ವೈದ್ಯರಿಗೆ ಹೇಳಿ, ಅವರಾಗಿ ಕೇಳುವುದು ಕಡಿಮೆ.